ಒಂದೇ ಕಂಪ್ಯೂಟರಿನಲ್ಲಿ ಎರಡು ಸಂಸಾರ



ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಅಂತ ಮೈಕ್ರೋಸಾಫ್ಟ್ ಒಂದು ವರ್ಷದ ವಾಯಿದೆ ಕೊಟ್ಟಿತು, ಅಷ್ಟೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಂದ್ರೆ 2016ರಲ್ಲಿ ಕೊಂಡ, ಇವತ್ತಿಗೂ ಗಟ್ಟಿಮುಟ್ಟಾಗಿರೋ ಯಂತ್ರ ಅವರ ಲೆಕ್ಕದಲ್ಲಿ ಗುಜರಿ!

ನಮ್ಮ ಬಾಗಲಕೋಟೆ, ಬಾದಾಮಿ, ಇಳಕಲ್ ಕಡೆ ಮನೆಯ ಕಂಪ್ಯೂಟರ್ ಒಬ್ಬರದ್ದಲ್ಲ. ಮಗಳ ಇಂಜಿನಿಯರಿಂಗ್ ಪ್ರಾಜೆಕ್ಟ್, ಅಪ್ಪನ ಸೀರೆ ಅಂಗಡಿಯ ಟ್ಯಾಲಿ ಲೆಕ್ಕ, ಕಾಕಾನ ನುಡಿ ಫೈಲುಗಳು, ಎಲ್ಲಾ ಅದರಲ್ಲೇ. ಇಂಥವರಿಗೆ ಎರಡು ಸಲಹೆ ಸಿಗ್ತವೆ. ಅಂಗಡಿಯವರು "ಹೊಸದು ತಗೋರಿ" ಅಂತಾರೆ. ನನ್ನಂಥ ಲಿನಕ್ಸ್ ಹುಚ್ಚರು "ವಿಂಡೋಸ್ ಕಿತ್ತೊಗೀರಿ" ಅಂತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ವಿಂಡೋಸ್ ಇರಲಿ, ಪಕ್ಕದಲ್ಲೇ ಲಿನಕ್ಸ್ ಹಾಕಿ.

ಕಿತ್ತೊಗೆಯೋದು ಯಾಕೆ ಬೇಡ? ಟ್ಯಾಲಿ, ನುಡಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶಗಳು. ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದಿದ್ರೆ ಪರದೆ ತುಂಬಾ ಅರ್ಥವಾಗದ ಚಿಹ್ನೆಗಳು ಕಾಣ್ತವೆ. ಹುನಗುಂದದ ನಮ್ಮ ನೆಂಟರ ಮನೆಯಲ್ಲಿ ರಿಪೇರಿಗೆ ಬಂದವನೊಬ್ಬ "ಫಾರ್ಮ್ಯಾಟ್ ಮಾಡಿದ್ರ ಎಲ್ಲಾ ಸರಿ ಆಗ್ತೈತ್ರಿ" ಅಂದ. ಕಂಪ್ಯೂಟರ್ ಸರಿಯಾಯ್ತು. ತೀರಿಹೋದ ಅಜ್ಜಿಯ ಫೋಟೋಗಳು ಹೋದವು, ಬೇರೆ ಎಲ್ಲೂ ಪ್ರತಿ ಇರಲಿಲ್ಲ.

ಬಾಗಲಕೋಟೆಯವರಿಗೆ ಊರು ಬಿಡೋದು ಅಂದ್ರೇನು ಅಂತ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಮನೆ ಮುಳುಗಿ ಜನ ನವನಗರಕ್ಕೆ ಬಂದರು. ಅವರಿಗೆ ವಾಪಸ್ ಹೋಗೋ ದಾರಿ ಇರಲಿಲ್ಲ. ಹೋಲಿಕೆ ದೊಡ್ಡದಾಯ್ತು, ಗೊತ್ತು. ಆದ್ರೆ ಕಂಪ್ಯೂಟರಿನಲ್ಲಿ ಹಳೇ ಮನೆ ಇಟ್ಟುಕೊಂಡೇ ಹೊಸ ಮನೆ ಕಟ್ಟಬಹುದು, ಅಂದಮೇಲೆ ಯಾಕೆ ಮುಳುಗಿಸಬೇಕು?

ನಿಯಮ ಒಂದೇ: ಇಂಟರ್ನೆಟ್, ಬ್ಯಾಂಕ್ ಕೆಲಸ ಎಲ್ಲಾ ಲಿನಕ್ಸಿನಲ್ಲಿ. ವಿಂಡೋಸ್ 10 ಹಳೇ ಕೆಲಸಕ್ಕೆ ಮಾತ್ರ, ನೆಟ್ ತೆಗೆದು. ಭದ್ರತಾ ಅಪ್‌ಡೇಟ್ ಬರದ ಮನೆಗೆ ಬೀದಿ ಬಾಗಿಲು ತೆರೆದಿಡಬಾರದು.

ಮಾಡುವವರು ಇಷ್ಟು ನೆನಪಿಡಿ:

1. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

2. ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡಿದರೆ ಮಾತ್ರ ಮುಂದೆ ಹೋಗಿ. ಅದಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ಒಳ್ಳೇದು, 2 ಜಿಬಿ ಕನಿಷ್ಠ.

3. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಅದರ ಜಾಗ ಕುಗ್ಗಿಸಿ, ಖಾಲಿಯಾದ ಜಾಗಕ್ಕೆ ಲಿನಕ್ಸ್ ಹಾಕಿ. 'ಇಡೀ ಡಿಸ್ಕ್ ಅಳಿಸು' ಅನ್ನೋ ಆಯ್ಕೆಯ ಹತ್ತಿರವೂ ಹೋಗಬೇಡಿ.

4. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಬಂದ್ ಮಾಡಿ. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚೋದೇ ಇಲ್ಲ, ಅರ್ಧ ನಿದ್ದೆಯಲ್ಲಿರ್ತದೆ. ಆಗ ಲಿನಕ್ಸಿನಿಂದ ಅದರ ಡ್ರೈವಿಗೆ ಬರೆಯೋದು ಅಪಾಯ.

5. ಗಡಿಯಾರ ಐದೂವರೆ ಗಂಟೆ ಆಚೀಚೆ ಆದ್ರೆ ಗಾಬರಿ ಬೇಡ. ಯಂತ್ರದ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯ ಇಡ್ತದೆ, ಲಿನಕ್ಸ್ ಗ್ರೀನಿಚ್ ಸಮಯ ಇಡ್ತದೆ. ಒಂದು ಸೆಟ್ಟಿಂಗಿನಲ್ಲಿ ಸರಿಹೋಗ್ತದೆ.

ಆಮೇಲೆ ಪ್ರತಿ ಸಲ ಶುರುವಾದಾಗ ಗ್ರಬ್ ಅನ್ನೋ ಪುಟ್ಟ ತಂತ್ರಾಂಶ "ಯಾವ ಮನೆಗೆ?" ಅಂತ ಕೇಳ್ತದೆ. ಕನ್ನಡ ಬರೆಯೋದು ಹೇಗೆ ಅನ್ನೋ ಚಿಂತೆಯೂ ಬೇಡ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನ ಐಬಸ್‌ನಲ್ಲಿ ಕೆಜಿಪಿ ಅನ್ನೋ ಹೆಸರಿನಲ್ಲಿ ಸಿಗ್ತದೆ, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ಮೂರು, ನಾಲ್ಕು ಆಪರೇಟಿಂಗ್ ಸಿಸ್ಟಮ್ ಹಾಕೋ ಚಪಲ ಇದ್ದವರು ವರ್ಚುವಲ್‌ಬಾಕ್ಸಿನಲ್ಲಿ ತೀರಿಸಿಕೊಳ್ಳಿ, ಮನೆಮಂದಿ ಬಳಸೋ ಡಿಸ್ಕಿನಲ್ಲಿ ಬೇಡ :)

ಕಾಲೇಜಿನಲ್ಲಿ ಇದನ್ನೆಲ್ಲ ನಾವು ಶೋಕಿಗೆ ಮಾಡ್ತಿದ್ವಿ. ಈಗ ಇದು ಉಳಿತಾಯದ ಪ್ರಶ್ನೆ. ಕೆಟ್ಟಿರದ ಯಂತ್ರ ಎಸೆದು ಹೊಸದಕ್ಕೆ ಕಂತು ಕಟ್ಟೋ ದುಡ್ಡು ಮಗಳ ಫೀಸಿಗೆ ಆಗ್ತದೆ. ಊರಿಗೆ ಹೋದಾಗ ಮನೆಯವರಿಗಾಗಿ ಒಂದು ಭಾನುವಾರ ಕೊಡಿ ಅಂತ ನನ್ನ ವಿನಂತಿ. ನೀವೇನಂತೀರಿ?