ಕೈ ಕುಲುಕದ ಆಟ: ಬಹಿಷ್ಕಾರದ ಬೆಲೆ ತೆರುವವರು ಯಾರು?

2025ರ ಸೆಪ್ಟೆಂಬರ್ 14ರಂದು ದುಬೈಯಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಭಾರತದ ಆಟಗಾರರು ಪಾಕಿಸ್ತಾನಿ ಆಟಗಾರರ ಕೈ ಕುಲುಕಲಿಲ್ಲ. ಅದೇ ತಿಂಗಳ 28ರಂದು ಫೈನಲ್ ಗೆದ್ದ ಮೇಲೆ, ಆಗ ಏಷ್ಯನ್ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಪಾಕಿಸ್ತಾನದ ಗೃಹ ಸಚಿವರೂ ಆಗಿದ್ದ ಮೊಹ್ಸಿನ್ ನಖ್ವಿ ಅವರಿಂದ ಕಪ್ ಸ್ವೀಕರಿಸಲೂ ಇಲ್ಲ. ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಭಯೋತ್ಪಾದಕರು ಕೊಂದ ಗಾಯ ಆಗಿನ್ನೂ ಹಸಿಯಾಗಿತ್ತು.

'ಆಟದಲ್ಲಿ ರಾಜಕೀಯ ಬೇಡ' ಎಂದರು ಕೆಲವರು. 'ಆಡಲೇಬಾರದಿತ್ತು' ಎಂದರು ಇನ್ನು ಕೆಲವರು. ರಾಜಕೀಯವಿಲ್ಲದ ಅಂತಾರಾಷ್ಟ್ರೀಯ ಕ್ರೀಡೆ ಹಿಂದೆಯೂ ಇರಲಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಬಹಿಷ್ಕಾರದಿಂದ ಫಲ ಸಿಗುವುದು ಯಾವಾಗ? ಅದರ ಬೆಲೆ ತೆರುವವರು ಯಾರು?

1974ನ್ನು ನೆನಪಿಸಿಕೊಳ್ಳೋಣ. ಅಮೃತರಾಜ್ ಸಹೋದರರಿದ್ದ ಭಾರತ ತಂಡ ಆಸ್ಟ್ರೇಲಿಯಾ ಮತ್ತು ಸೋವಿಯತ್ ಒಕ್ಕೂಟವನ್ನು ಸೋಲಿಸಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯ ಆ ದೇಶದೊಂದಿಗೆ ಆಡಲು ಭಾರತ ನಿರಾಕರಿಸಿತು. ಆಡದೆಯೇ ಕಪ್ ದಕ್ಷಿಣ ಆಫ್ರಿಕಾದ ಪಾಲಾಯಿತು. ಭಾರತಕ್ಕೆ ಡೇವಿಸ್ ಕಪ್ ಇಂದಿಗೂ ದಕ್ಕಿಲ್ಲ. ಅದು ಬಾಯಿ ಮಾತಿನ ಪ್ರತಿಭಟನೆಯಲ್ಲ, ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ ಪ್ರತಿಭಟನೆ.

ಆ ಬಹಿಷ್ಕಾರ ಫಲ ಕೊಟ್ಟದ್ದಕ್ಕೆ ಕಾರಣಗಳಿದ್ದವು. ಅನ್ಯಾಯ ಮೈದಾನದೊಳಗೇ ಇತ್ತು. ಕೇಪ್‌ಟೌನ್‌ನಲ್ಲಿ ಹುಟ್ಟಿದ ಬೇಸಿಲ್ ಡಿ ಒಲಿವೇರಾ ಬಿಳಿಯರಲ್ಲ ಎಂಬ ಒಂದೇ ಕಾರಣಕ್ಕೆ ತಾಯ್ನಾಡಿನ ತಂಡದಲ್ಲಿ ಆಡುವಂತಿರಲಿಲ್ಲ. ಅವರು ಇಂಗ್ಲೆಂಡ್ ತಂಡ ಸೇರಿ 1968ರಲ್ಲಿ ಪ್ರವಾಸಕ್ಕೆ ಆಯ್ಕೆಯಾದಾಗ ದಕ್ಷಿಣ ಆಫ್ರಿಕಾದ ಪ್ರಧಾನಿ ವೋರ್ಸ್ಟರ್ ಒಪ್ಪಲಿಲ್ಲ. ಪ್ರವಾಸವೇ ರದ್ದಾಯಿತು. ಬಹಿಷ್ಕರಿಸಿ ಎಂದು ಕೇಳಿದವರಲ್ಲಿ ಡೆನಿಸ್ ಬ್ರೂಟಸ್ ಅವರಂಥ, ಆ ನೀತಿಯಿಂದ ನೊಂದ ದಕ್ಷಿಣ ಆಫ್ರಿಕನ್ನರೇ ಮುಂದಿದ್ದರು. ಬೇಡಿಕೆ ಸ್ಪಷ್ಟವಾಗಿತ್ತು, ಬಹಳ ದೇಶಗಳು ಜತೆಗೂಡಿದವು. 1970ರ ನಂತರ ದಕ್ಷಿಣ ಆಫ್ರಿಕಾ ಮತ್ತೆ ಅಂತಾರಾಷ್ಟ್ರೀಯ ಕ್ರಿಕೆಟ್ ಆಡಿದ್ದು 1991ರ ನವೆಂಬರ್ 10ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ವರ್ಣಭೇದ ನೀತಿ ಕುಸಿಯಲು ಬಹಿಷ್ಕಾರವೊಂದೇ ಕಾರಣವಲ್ಲ, ಆದರೆ ಆಟದ ಹುಚ್ಚಿದ್ದ ಬಿಳಿಯರಿಗೆ ಅದರ ಬಿಸಿ ಮನೆಬಾಗಿಲಲ್ಲೇ ತಟ್ಟಿತು.

ಇದಕ್ಕೆ ತದ್ವಿರುದ್ಧ ಉದಾಹರಣೆ 1980ರ ಮಾಸ್ಕೋ ಒಲಿಂಪಿಕ್ಸ್. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು ಖಂಡಿಸಿ ಅಮೆರಿಕದ ಕರೆಯಂತೆ ಹತ್ತಾರು ದೇಶಗಳು ದೂರ ಉಳಿದವು. ಸೇನೆ ವಾಪಸಾಯಿತೇ? ಆಯಿತು, 1989ರ ಫೆಬ್ರವರಿಯಲ್ಲಿ! ನಡುವೆ 1984ರಲ್ಲಿ ಸೋವಿಯತ್ ಬಣ ಲಾಸ್ ಏಂಜಲೀಸ್‌ಗೆ ಹೋಗದೆ ಸೇಡು ತೀರಿಸಿಕೊಂಡಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ನಾಲ್ಕು ವರ್ಷ ಬೆವರು ಸುರಿಸಿದ ಕ್ರೀಡಾಪಟುಗಳು ಬರಿಗೈಯಲ್ಲಿ ಉಳಿದರು.

ಭಾರತ ಎರಡೂ ಕಡೆ ಹೋಯಿತು. ಮಾಸ್ಕೋದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ ಹಾಕಿ ಚಿನ್ನ ಗೆದ್ದಿತು. ಆದರೆ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾದಂಥ ಬಲಾಢ್ಯ ತಂಡಗಳು ಬಂದಿರಲಿಲ್ಲ. ಪಯ್ಯೋಳಿಯ ಪಿ.ಟಿ. ಉಷಾ 16ರ ಹರೆಯದಲ್ಲಿ ಮಾಸ್ಕೋದಲ್ಲಿ ಓಡಿದರು. ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದಂಶದಿಂದ ಕಂಚು ತಪ್ಪಿಸಿಕೊಂಡರು. ಗೆದ್ದವರ ಪದಕಕ್ಕೂ 'ಅವರು ಬಂದಿದ್ದರೆ?' ಎಂಬ ಪ್ರಶ್ನೆ ಅಂಟಿಕೊಂಡಿತು.

ಈಗ ಮತ್ತೆ ದುಬೈಗೆ ಬರೋಣ. 2013ರ ಜನವರಿಯ ನಂತರ ಭಾರತ-ಪಾಕ್ ನಡುವೆ ದ್ವಿಪಕ್ಷೀಯ ಕ್ರಿಕೆಟ್ ಸರಣಿ ನಡೆದಿಲ್ಲ. ದ್ವಿಪಕ್ಷೀಯ ಆಟ ಇಲ್ಲ, ಬಹುರಾಷ್ಟ್ರ ಟೂರ್ನಿಗಳಿಗೆ ಅಡ್ಡಿಯಿಲ್ಲ ಎಂದು 2025ರ ಆಗಸ್ಟ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಹೇಳಿತು. ಒಲಿಂಪಿಕ್ಸ್‌ನಂಥ ಕೂಟಗಳಿಂದ ನಮ್ಮವರು ವಂಚಿತರಾಗಬಾರದು ಎಂಬ ವಾದದಲ್ಲಿ ಹುರುಳಿದೆ. ಆದರೆ ಇದೇ ನೀತಿಯ ನೆರಳಲ್ಲಿ, ಟಿವಿ ಹಣ ಸುರಿಯುವ ಕ್ರಿಕೆಟ್ ಪಂದ್ಯ ಒಂದಲ್ಲ, ಮೂರು ಬಾರಿ ನಡೆಯಿತು. ಅಷ್ಟು ಹಣವಿಲ್ಲದ ಹಾಕಿಯಲ್ಲಿ, ಬಿಹಾರದ ರಾಜ್‌ಗೀರ್‌ನ ಏಷ್ಯಾ ಕಪ್‌ಗೆ ಭದ್ರತೆಯ ಕಾರಣ ನೀಡಿ ಪಾಕಿಸ್ತಾನ ಬರಲೇ ಇಲ್ಲ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೂ ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಪಂದ್ಯ ನಡೆದಿತ್ತು, ನಮ್ಮ ವೆಂಕಟೇಶ್ ಪ್ರಸಾದ್ 5 ವಿಕೆಟ್ ಪಡೆದಿದ್ದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ದಾರಿಯಲ್ಲಿ ಮಂಡಳಿಗಳ ಆದಾಯಕ್ಕೆ ಕುಂದಿಲ್ಲ, ಸರ್ಕಾರಗಳಿಗೆ ನಷ್ಟವಿಲ್ಲ. ಕೈ ಕೊಡದೆ ನಿಲ್ಲುವ ಹೊರೆ ಮಾತ್ರ ಆಟಗಾರನ ಹೆಗಲಿಗೆ. ಆಡಬಾರದು ಎಂಬುದು ನಿಜವಾದ ನಿಲುವಾದರೆ 1974ರಂತೆ ಕಪ್ಪನ್ನೇ ಬಿಡುವ ಧೈರ್ಯ ಬೇಕು. ಆಡುವುದೇ ನಿರ್ಧಾರವಾದರೆ ಆಟಗಾರರನ್ನು ಆಟಗಾರರಾಗಿಯೇ ಇರಲು ಬಿಡಬೇಕು. ನಿರ್ಧಾರ ಯಾರದೋ ಅದರ ಬೆಲೆಯನ್ನೂ ಅವರೇ ತೆರಬೇಕಲ್ಲವೇ?