ಹತ್ತು ಸಾವು, ತೊಂಬತ್ತು ಬದುಕು

ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಲೇಸೋ, ವಿಕಿರಣ ಚಿಕಿತ್ಸೆ ಲೇಸೋ ಎಂಬ ಪ್ರಶ್ನೆಯನ್ನು ರೋಗಿಗಳು, ವಿದ್ಯಾರ್ಥಿಗಳು ಹಾಗೂ ವೈದ್ಯರ ಮುಂದಿಟ್ಟ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೊಳಗಾದ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಬದುಕುಳಿಯುವರೆಂದು ಕೆಲವರಿಗೆ ತಿಳಿಸಲಾಯಿತು. ಹತ್ತು ಮಂದಿ ಸಾಯುವರೆಂದು ಉಳಿದವರಿಗೆ. ವಿಕಿರಣದಲ್ಲಿ ಚಿಕಿತ್ಸೆಯ ಹೊತ್ತಿನ ಸಾವಿಲ್ಲ, ಆದರೆ ಐದು ವರ್ಷಗಳ ಬಳಿಕ ಉಳಿಯುವವರು ಕಡಿಮೆ. ಲೆಕ್ಕ ಎರಡೂ ಕಡೆ ಒಂದೇ ಆಗಿದ್ದರೂ ಬದುಕಿನ ಮಾತು ಕೇಳಿದವರಲ್ಲಿ ಶೇ. 18ರಷ್ಟು, ಸಾವಿನ ಮಾತು ಕೇಳಿದವರಲ್ಲಿ ಶೇ. 44ರಷ್ಟು ಜನ ವಿಕಿರಣವನ್ನು ಆರಿಸಿಕೊಂಡರು. ವೈದ್ಯರೂ ಇದಕ್ಕೆ ಹೊರತಾಗಿರಲಿಲ್ಲ.

ಬಲವಂತವಿಲ್ಲದೆ, ಮಾತಿನ ಜೋಡಣೆಯಿಂದಲೇ ಮನಸ್ಸನ್ನು ಹೊರಳಿಸುವ ಇಂಥ ಉಪಾಯಕ್ಕೆ 'ನಡ್ಜ್' ಎಂದು ಹೆಸರು. ಮೊಣಕೈಯಿಂದ ಮೆಲ್ಲನೆ ತಿವಿಯುವುದು ಎಂದರ್ಥ. ಮಗುವಿನ ಲಸಿಕೆಯ ದಿನವನ್ನು ನೆನಪಿಸುವ ಮೊಬೈಲ್ ಸಂದೇಶವೂ ಇದೇ ಜಾತಿಯದು. ವೈದ್ಯರಾದವರು ಯಾವುದನ್ನಾದರೂ ಮೊದಲು ಹೇಳಲೇಬೇಕಲ್ಲವೆ? ಆದುದರಿಂದ ನಡ್ಜ್ ಎಲ್ಲವೂ ತಪ್ಪೆನ್ನಲಾಗದು. ವೈದ್ಯನಾದ ನಾನೂ ಸಕ್ಕರೆ ಕಾಯಿಲೆಯವರ ಎದುರು ಕಾಲು ಕಳೆದುಕೊಳ್ಳುವ ಮಾತೆತ್ತಿ ಹೆದರಿಸಿದ್ದುಂಟು. ಹಾಗೇಕೆ ಹೇಳಿದೆನೆಂಬುದನ್ನು ಅದೇ ರೋಗಿಗೆ ಮರುದಿನ ಸಂಕೋಚವಿಲ್ಲದೆ ಬಿಚ್ಚಿ ಹೇಳಬಲ್ಲೆನೇ ಎಂಬುದೇ ನನ್ನ ಒರೆಗಲ್ಲು.

ಹೃದಯಾಘಾತವಾದಾಗ ಸ್ಟೆಂಟ್ ಜೀವ ಉಳಿಸುತ್ತದೆ. ಅಲ್ಲಿ ಆತುರ ಸಹಜ. ಆದರೆ ಶ್ರಮಪಟ್ಟಾಗ ಎದೆನೋವು ಕಾಣಿಸಿ, ವಿಶ್ರಾಂತಿಯಿಂದ ಶಮನವಾಗುವ ಸ್ಥಿರ ಸ್ಥಿತಿಯ ರೋಗಿಗಳಲ್ಲಿ, ಉತ್ತಮ ಔಷಧೋಪಚಾರದ ಜೊತೆಗೆ ಸ್ಟೆಂಟನ್ನೂ ಅಳವಡಿಸಿದ್ದರಿಂದ ಮರಣವಾಗಲಿ ಹೃದಯಾಘಾತವಾಗಲಿ ತಗ್ಗಲಿಲ್ಲವೆಂದು 2007ರ 'ಕರೇಜ್' ಅಧ್ಯಯನ ತೋರಿಸಿತು. ಇಂಥವರನ್ನು ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಿಸಿಟ್ಟು, ಹೊರಗೆ ಕಾಯುತ್ತಿರುವ ಮಗನಿಗೆ "ಈಗಲೇ ಸಹಿ ಹಾಕಿ, ಇಲ್ಲದಿದ್ದರೆ ನಮ್ಮ ಹೊಣೆಯಲ್ಲ" ಎನ್ನುವುದನ್ನು ನಡ್ಜ್ ಎನ್ನಲು ನನ್ನ ಮನಸ್ಸೊಪ್ಪದು. ಮಗ ಸಾಲ ಮಾಡಿಯಾದರೂ ಸಹಿ ಹಾಕುತ್ತಾನೆ. ತಂದೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ರೋಗಪತ್ತೆಯ ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ತಕ್ಷಣದ ಜೀವಾಪಾಯವಿಲ್ಲದಿರುವಾಗ ಪ್ರಾಪ್ತವಯಸ್ಕ ರೋಗಿಯ ಪರವಾಗಿ ಬೇರೊಬ್ಬರು ಕೊಟ್ಟ ಒಪ್ಪಿಗೆ ಸಲ್ಲದೆಂದು ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು.

"ತಾವು ದೇವರಿದ್ದಂತೆ, ತಾವೇ ತೀರ್ಮಾನಿಸಿ" ಎಂದು ಕೈಮುಗಿಯುವ ಸದ್ಭಕ್ತರನ್ನು ನಿತ್ಯ ಕಾಣುತ್ತೇನೆ. ಆ ನಂಬಿಕೆಗೆ ನಾನು ಋಣಿ. ಆದರೂ ಕೈಮುಗಿದ ಬಳಿಕ ಎರಡು ಮಾತು ಕೇಳಿರಿ: ನೂರರಲ್ಲಿ ಎಷ್ಟು ಮಂದಿಗೆ ಗುಣ, ಎಷ್ಟು ಮಂದಿಗೆ ಅಪಾಯ? ಎರಡು ವಾರ ತಡೆದರೆ ಏನಾದೀತು?