ಪದಕ ಒಬ್ಬರಿಗೆ, ರಾತ್ರಿಯ ಕೂಲಿ ಎಷ್ಟು ಜನಕ್ಕೆ?

ಅಮೆರಿಕದ ಸಂಗೀತ ಉದ್ಯಮದವರು 1959ರಿಂದ ವರ್ಷಕ್ಕೊಮ್ಮೆ ಗ್ರ್ಯಾಮಿ ಪ್ರಶಸ್ತಿ ಹಂಚುತ್ತ ಬಂದಿದ್ದಾರೆ. ಪುಟ್ಟ ಗ್ರಾಮಫೋನೇ ಅದರ ಬಹುಮಾನ. ಬೆಂಗಳೂರಿನ ರಿಕ್ಕಿ ಕೇಜ್ ಅದನ್ನು 2015, 2022, 2023ರಲ್ಲಿ ಮೂರು ಸಲ ಗೆದ್ದರು. ನಮಗೂ ಸಂತೋಷವೇ. ಆದರೆ ಆ ಬಹುಮಾನ ಧ್ವನಿಮುದ್ರಣಗೊಂಡ ಹಾಡಿಗೆ. ಬಯಲಲ್ಲಿ ಹುಟ್ಟಿ, ಬೆಳಗಾಗುವುದರೊಳಗೆ ಮುಗಿದುಹೋಗುವ ಹಾಡನ್ನು ಯಾರು ಕೇಳಿಯಾರು?

ಅಂಥ ಹಾಡಿಗೂ 2025ರಲ್ಲಿ ಮನ್ನಣೆ ಬಂತು. ನಮ್ಮ ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, 96ರ ವಯಸ್ಸಿನಲ್ಲಿ, ಪದ್ಮಶ್ರೀ! ತೊಗಲುಗೊಂಬೆಯಾಟವೆಂದರೆ ಗೊಂಬೆ ಕುಣಿಸುವುದಷ್ಟೇ ಎಂದು ತಿಳಿದವರು ಒಮ್ಮೆ ಪರದೆಯ ಹಿಂದೆ ಹೋಗಿ ನೋಡಬೇಕು. ದೀಪದ ಝಳದಲ್ಲಿ ಕೂತು ರಾಮಾಯಣದ ಪದ ಎತ್ತಬೇಕು, ಪಾತ್ರಕ್ಕೊಂದು ದನಿ ತೆಗೆಯಬೇಕು. ಪಕ್ಕದಲ್ಲಿ ಮದ್ದಳೆ, ತಾಳ. ಮನೆಮಂದಿಯೆಲ್ಲ ದುಡಿಯುವ ಕಸುಬು ಅದು. ಈ ಆಟವನ್ನು ಅಜ್ಜಿ ಪರದೇಶಗಳಿಗೂ ಒಯ್ದು ತೋರಿಸಿ ಬಂದವರು.

ಪದ್ಮಶ್ರೀಯ ಜೊತೆ ಹಣ ಬರುವುದಿಲ್ಲ. ಪದಕ, ಸನ್ನದು ಬರುತ್ತವೆ. ರಾಜ್ಯೋತ್ಸವ ಪ್ರಶಸ್ತಿಗೆ ಐದು ಲಕ್ಷ ರೂಪಾಯಿ, 25 ಗ್ರಾಂ ಚಿನ್ನ ಉಂಟು, ನಿಜ. ಆದರೆ 2024ರಲ್ಲಿ ಇಡೀ ನಾಡಿನಲ್ಲಿ ಅದು ದಕ್ಕಿದ್ದು 69 ಜನಕ್ಕೆ. ಈ ಲೆಕ್ಕದಲ್ಲಿ ಮದ್ದಳೆಯವನ ಪಾಳಿ ಎಂದಿಗೆ ಬಂದೀತು?

ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನಿಗೆ ಚೀಲಕ್ಕಿಷ್ಟು ಎಂಬ ದರವಾದರೂ ಇದೆ. ಹಾಡುವವನಿಗೆ ಅದೂ ಇಲ್ಲ. ಶಾಲು ಹೊದಿಸಿದರೆ ಲೆಕ್ಕ ಚುಕ್ತಾ ಎಂಬ ಭಾವನೆ. ಇದರಲ್ಲಿ ಸರಕಾರವನ್ನಷ್ಟೇ ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕುಷ್ಟಗಿಯಿರಲಿ, ಯಲಬುರ್ಗಾ ಇರಲಿ, ಜಾತ್ರೆಗೆ ಪಟ್ಟಿ ಎತ್ತುವವರು ನಾವೇ, ನಮ್ಮ ಅಂಗಡಿಕಾರರೇ. ಆರ್ಕೆಸ್ಟ್ರಾದವರು ಕೇಳಿದ್ದಕ್ಕೆ ತುಟಿ ಬಿಚ್ಚದ ನಾವು ಡೊಳ್ಳಿನ ಮೇಳದವರೊಡನೆ ನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಉದ್ರಿ ಕೊಟ್ಟು ವಸೂಲಿಗೆ ಅಲೆಯುವ ಕಷ್ಟ ಬಲ್ಲ ನಮಗೆ ಇದು ಒಪ್ಪುವ ಮಾತಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಆನೆಗೊಂದಿ, ಕನಕಗಿರಿ ಉತ್ಸವಗಳಲ್ಲಿ ಸ್ಥಳೀಯ ಮೇಳದ ಪ್ರತಿಯೊಬ್ಬರಿಗೂ, ಹಾಡಿದವರಿಗೂ ತಾಳ ಹಾಕಿದವರಿಗೂ, ಮೊದಲೇ ದರ ಗೊತ್ತುಮಾಡಿ ಅಂದಿನ ರಾತ್ರಿಯೇ ಹಣ ಕೊಡಬೇಕು. ಸಿನಿಮಾ ಗಾಯಕರಿಗೆ ಕೊಟ್ಟದ್ದೆಷ್ಟು, ಊರವರಿಗೆ ಕೊಟ್ಟದ್ದೆಷ್ಟು ಎಂಬ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಪಂಚಾಯತಿ ಕಟ್ಟೆಗೆ ಅಂಟಿಸಬೇಕು. ಜಾತ್ರೆಯ ಕಮಿಟಿಗಳೂ ಹಾಗೆಯೇ ಮಾಡಲಿ.